ಮಂಜುಗಡ್ಡೆಯ ಮೇಲಿನ ಹಸುವೂ ಹುಟ್ಟದ ಕೂಸಿನ ಕುಲಾವಿಯೂ

ನಮ್ಮ ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಒಂದು ಸಂಜೆ ವಾರ್ಡಿನಿಂದ ಫೋನ್ ಬಂತು. ಎತ್ತಿಕೊಂಡವನು ಊರಿನಿಂದ ಬಂದು ಇನ್ನೂ ಮೂರು ತಿಂಗಳು ತುಂಬದ ಹುಡುಗ. ರೋಗಿಯೊಬ್ಬರ ನೋವಿನ ಔಷಧಿಯನ್ನು ರಾತ್ರಿಗೆ ಎಷ್ಟು ಕಳುಹಿಸಬೇಕೆಂದು ಅವನು ಕೇಳಿದ. ಆ ಕಡೆಯಿಂದ ವೈದ್ಯರು ‘ಲೆಟ್ಸ್ ಪ್ಲೇ ಇಟ್ ಬೈ ಇಯರ್’ ಎಂದರು. ನಮ್ಮ ಹುಡುಗ ಬಹಳ ವಿನಯದಿಂದ, ‘ಯಾವ ಕಿವಿ ಸರ್, ಬಲಗಿವಿಯೋ ಎಡಗಿವಿಯೋ?’ ಎಂದು ಕೇಳಿದ.

ವೈದ್ಯರು ಹೇಳಿದ್ದು ‘ಈಗಲೇ ನಿರ್ಧಾರ ಬೇಡ, ರೋಗಿಯ ಸ್ಥಿತಿ ನೋಡಿಕೊಂಡು ಮಾಡೋಣ’ ಎಂದು. ಸ್ವರ ಬರೆದ ಹಾಳೆ ಮುಂದಿಟ್ಟುಕೊಳ್ಳದೆ, ಕಿವಿಯಲ್ಲಿ ಕೇಳಿದ್ದನ್ನೇ ನಂಬಿ ವಾದ್ಯ ನುಡಿಸುವವರ ಕಡೆಯಿಂದ ಬಂದ ಮಾತು ಅದು. ಅದಕ್ಕೂ ಕಿವಿಗೆ ಹಾಕುವ ಹನಿಗೂ ಸಂಬಂಧವಿಲ್ಲ. ವಿಭಾಗದಲ್ಲಿ ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಮರುದಿನದಿಂದ ಆ ಹುಡುಗ ಬೆಳಗಿನ ಸಭೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಾಗ ನಮ್ಮ ನಗು ಇಳಿದುಹೋಯಿತು. ಅವನು ಆ ದಿನ ಕೇಳಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾಚಿಕೆಯಿಂದ ಕೇಳದೆ ತನಗೆ ತೋಚಿದ್ದನ್ನು ಮಾಡಿದ್ದರೆ?

ಅವನನ್ನು ಸಮಾಧಾನ ಮಾಡಿದವರು ಸ್ವೀಡನ್ನಿನಿಂದ ಬಂದಿದ್ದ ಒಬ್ಬ ಹಿರಿಯ ಸಿಸ್ಟರ್. ಔಷಧಿ ಪಡೆಯಲು ಕೌಂಟರಿಗೆ ಬಂದವರು ಅವನ ಮುಖ ನೋಡಿ, ‘ಚಿಂತೆ ಬೇಡ, ಮಂಜುಗಡ್ಡೆಯ ಮೇಲೆ ಯಾವ ಹಸುವೂ ಇಲ್ಲ’ ಎಂದು ಇಂಗ್ಲಿಷಿನಲ್ಲೇ ಹೇಳಿದರು. ಈಗ ಬೆಪ್ಪಾಗುವ ಸರದಿ ನಮ್ಮೆಲ್ಲರದು, ಆ ಇಂಗ್ಲಿಷ್ ಡಾಕ್ಟರದೂ ಕೂಡ! ಅದು ಸ್ವೀಡಿಶ್ ಭಾಷೆಯ ನುಡಿಗಟ್ಟು. ಚಳಿಗಾಲದಲ್ಲಿ ಅಲ್ಲಿ ಕೆರೆ ಹೆಪ್ಪುಗಟ್ಟುತ್ತದೆ. ಹಿಂದಿನ ಕಾಲದಲ್ಲಿ ದನಗಳನ್ನು ನೀರು ಕುಡಿಸಲು ದಡಕ್ಕೆ ಹೊಡೆದುಕೊಂಡು ಹೋದಾಗ ಅವು ಮಂಜುಗಡ್ಡೆಯ ಮೇಲೆ ನಡೆದುಬಿಟ್ಟರೆ ಕೆಳಗೆ ಮುಳುಗುವ ಭಯ. ‘ಹಿಂಭಾಗ ದಡದಲ್ಲಿರುವವರೆಗೆ ಹಸು ಮಂಜುಗಡ್ಡೆಯ ಮೇಲಿಲ್ಲ’ ಎಂಬುದು ಪೂರ್ತಿ ಮಾತು. ಅಂದರೆ ಇನ್ನೂ ಅಪಾಯ ಬಂದಿಲ್ಲ, ಗಾಬರಿಯಾಗಬೇಡ ಎಂದು.

ಅಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡುವ ಹೆಂಗಸು ತಮ್ಮೂರಿನ ಹಸುವನ್ನು ನಾಚಿಕೆಯಿಲ್ಲದೆ ಇಂಗ್ಲಿಷಿನೊಳಗೆ ಹೊಡೆದುಕೊಂಡು ಬಂದದ್ದು ನಮ್ಮ ಮನಸ್ಸಿನಲ್ಲಿ ಉಳಿಯಿತು. ಇಂಗ್ಲಿಷ್ ತಾಯಿನುಡಿಯಲ್ಲದ ದೇಶಗಳಲ್ಲಿ ಇಂಗ್ಲಿಷನ್ನು ಅತಿ ಚೆನ್ನಾಗಿ ಬಲ್ಲವರು ಎಂದು ಹೆಸರಾದವರಲ್ಲಿ ಸ್ವೀಡನ್ನಿನವರೂ ಸೇರಿದ್ದಾರೆ. ಅವರಿಗೆ ಅದು ಹೇಗೆ ಬಂತು? ಬಂದ ಮೇಲೆ ತಮ್ಮ ನುಡಿಯನ್ನು ಏನು ಮಾಡಿಕೊಂಡರು? ಗಲ್ಫ್‌ನಲ್ಲಿ ದಿನವಿಡೀ ಇಂಗ್ಲಿಷಿನೊಡನೆ ಹೆಣಗುವ ನಮಗೆ ಇದು ತಿಳಿಯಬೇಕಾದ ಇತಿಹಾಸ.

ಒಂದು ಭಾಷೆ ಹೋದರೆ ಇನ್ನೊಂದು

ಸ್ವೀಡನ್ನಿನವರು ಹುಟ್ಟುತ್ತಲೇ ಇಂಗ್ಲಿಷ್ ಕಲಿತವರಲ್ಲ. ಅವರ ಮೇಲೆ ಮೊದಲು ಬಂದು ಕುಳಿತದ್ದು ಜರ್ಮನ್. ಮಧ್ಯಯುಗದಲ್ಲಿ ಹಾನ್ಸಾ ಎಂಬ ಜರ್ಮನ್ ವರ್ತಕರ ಕೂಟ ಸ್ಟಾಕ್‌ಹೋಮ್, ವಿಸ್ಬಿ ಮುಂತಾದ ಪಟ್ಟಣಗಳ ವ್ಯಾಪಾರವನ್ನು ಹಿಡಿದಿತ್ತು. ‘ಹಣ ಕೊಡು’ ಎನ್ನುವ ಕ್ರಿಯಾಪದ, ದರ್ಜಿಯ ಹೆಸರು ಇಂಥವೆಲ್ಲ ಆ ವರ್ತಕರ ಬಾಯಿಂದ ಸ್ವೀಡಿಶ್‌ಗೆ ಬಂದವು. ಹದಿನೆಂಟನೆಯ ಶತಮಾನದಲ್ಲಿ ಅರಮನೆಗೆ ಫ್ರೆಂಚ್ ಮೋಹ ಹಿಡಿಯಿತು. ಕೊಡೆಗೂ ಕೈಯಿರುವ ಮೆತ್ತನೆಯ ಕುರ್ಚಿಗೂ ಅವರು ಇಂದಿಗೂ ಹೇಳುವುದು ಫ್ರೆಂಚ್ ಮೂಲದ ಹೆಸರುಗಳನ್ನು. ಫ್ರೆಂಚ್ ಬಹಳ ಮೆಚ್ಚಿದ್ದ ದೊರೆ ಮೂರನೆಯ ಗುಸ್ತಾವನೇ 1786ರಲ್ಲಿ ಸ್ವೀಡಿಶ್ ಅಕಾಡೆಮಿಯನ್ನು ಕಟ್ಟಿದ. ನೊಬೆಲ್ ಸಾಹಿತ್ಯ ಪ್ರಶಸ್ತಿ ಕೊಡುವ ಅಕಾಡೆಮಿ ಇದೇ. ಆದರೆ ಅದು ಹುಟ್ಟಿದ್ದು ಸ್ವೀಡಿಶ್ ಭಾಷೆಯ ಶುದ್ಧಿ, ಶಕ್ತಿ, ಘನತೆಗಳಿಗಾಗಿ.

ಇಂಗ್ಲಿಷ್ ಬಂದದ್ದು ಕೊನೆಗೆ, ಅದೂ ತಮಾಷೆಯಾಗಿ. ಇಂಗ್ಲಿಷಿನ ಕೇಕ್ಸ್, ಕ್ಯಾಪ್ಸ್, ರೇಲ್ಸ್ ಎಂಬ ಬಹುವಚನಗಳನ್ನೇ ಏಕವಚನವೆಂದು ತಿಳಿದು ಅವರು ಬಿಸ್ಕತ್ತಿಗೆ ‘ಕೆಕ್ಸ್’, ಟೋಪಿಗೆ ‘ಕೆಪ್ಸ್’, ಹಳಿಗೆ ‘ರೆಲ್ಸ್’ ಎಂದರು. ನಮ್ಮ ಹಿರಿಯರು ‘ಒಂದು ಬೂಟ್ಸು’ ಎಂದ ಹಾಗೆಯೇ. ಇಂಗ್ಲಿಷಿನವರೂ ಸಾಲ ಪಡೆಯದೆ ಬಿಡಲಿಲ್ಲ. ‘ಟಂಗ್‌ಸ್ಟನ್’ ಎಂಬ ಲೋಹದ ಹೆಸರು ಸ್ವೀಡಿಶ್‌ನಲ್ಲಿ ‘ಭಾರದ ಕಲ್ಲು’. ಆ ಕಲ್ಲನ್ನು 1781ರಲ್ಲಿ ಪರೀಕ್ಷಿಸಿದವನು ನಮ್ಮ ವೃತ್ತಿಯವನೇ ಆದ ಔಷಧಿಕಾರ ಕಾರ್ಲ್ ವಿಲ್ಹೆಲ್ಮ್ ಶೀಲೆ.

ಅವರೂ ಹೊರಟವರೇ

ಇಂದಿನ ಶ್ರೀಮಂತ ಸ್ವೀಡನ್ನನ್ನು ನೋಡಿದವರಿಗೆ ನಂಬಲು ಕಷ್ಟವಾದ ಒಂದು ಸಂಗತಿಯಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ 1930ರವರೆಗೆ ಆ ದೇಶದಿಂದ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋದರು. 1900ರ ಹೊತ್ತಿಗೆ ಸ್ವೀಡನ್ನಿನ ಒಟ್ಟು ಜನಸಂಖ್ಯೆಯೇ ಸುಮಾರು ಐವತ್ತು ಲಕ್ಷ. ಕಲ್ಲು ತುಂಬಿದ ಹೊಲ, ಮಕ್ಕಳ ಪಾಲಿಗೆ ಸಾಲದ ಜಮೀನು, 1867ರಿಂದ 1869ರವರೆಗಿನ ಬರ, ಎಲ್ಲ ಸೇರಿ ಅವರನ್ನು ಹಡಗು ಹತ್ತಿಸಿದವು. ಅಲ್ಲಿಂದ ಅವರು ಬರೆದ ಕಾಗದಗಳಿಗೆ ‘ಅಮೆರಿಕ ಪತ್ರ’ ಎಂದೇ ಹೆಸರು. ಹಳ್ಳಿಯಲ್ಲಿ ಒಬ್ಬರ ಮನೆಗೆ ಪತ್ರ ಬಂದರೆ ಅಕ್ಕಪಕ್ಕದವರೆಲ್ಲ ಕೂಡಿ ಓದಿಸಿ ಕೇಳುತ್ತಿದ್ದರು. ‘ದುಬೈಯಿಂದ ಕಾಗದ ಬಂದಿದೆ’ ಎಂದರೆ ಕರಾವಳಿಯ ಮನೆಗಳಲ್ಲಿ ಒಂದು ಕಾಲದಲ್ಲಿ ಏನಾಗುತ್ತಿತ್ತೆಂದು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ವಲಸಿಗರು ಇಂಗ್ಲಿಷನ್ನು ಶಾಲೆಯಲ್ಲಿ ಕಲಿತವರಲ್ಲ. ಹೊಲದಲ್ಲಿ, ಮರ ಕಡಿಯುವ ಕಾಡಿನಲ್ಲಿ, ರೈಲು ಹಳಿಯ ಕೆಲಸದಲ್ಲಿ ಕಿವಿಗೆ ಬಿದ್ದದ್ದನ್ನು ಸ್ವೀಡಿಶ್ ಜೊತೆ ಕಲಸಿ ಆಡಿದರು. 1949ರಿಂದ 1959ರವರೆಗೆ ವಿಲ್ಹೆಲ್ಮ್ ಮೊಬೆರ್ಗ್ ಎಂಬ ಲೇಖಕ ಸ್ಮೋಲಾಂಡ್ ಪ್ರಾಂತದಿಂದ ಮಿನ್ನೆಸೋಟಕ್ಕೆ ಹೋದ ರೈತರ ಕಥೆಯನ್ನು ನಾಲ್ಕು ಕಾದಂಬರಿಗಳಲ್ಲಿ ಬರೆದಾಗ, ಆ ಬೆರಕೆ ಮಾತನ್ನು ಹಾಗೆಯೇ ಪಾತ್ರಗಳ ಬಾಯಲ್ಲಿಟ್ಟ. ಸ್ವೀಡನ್ನಿನ ಓದುಗರು ಆ ಪುಸ್ತಕಗಳನ್ನು ತಮ್ಮ ಮನೆತನದ ಕಥೆಯೆಂಬಂತೆ ಹಚ್ಚಿಕೊಂಡರು.

ಊರಿನಲ್ಲೇ ಉಳಿದವರಿಗೆ ಇಂಗ್ಲಿಷ್ ಬಂದದ್ದು ಇನ್ನೂ ತಡವಾಗಿ. ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಅಲ್ಲಿನ ಪ್ರೌಢಶಾಲೆಗಳಲ್ಲಿ ಮೊದಲ ವಿದೇಶಿ ಭಾಷೆ ಜರ್ಮನ್. 1946ರಲ್ಲಿ ಆ ಸ್ಥಾನ ಇಂಗ್ಲಿಷಿಗೆ ಹೋಯಿತು. 1962ರಲ್ಲಿ ಒಂಬತ್ತು ವರ್ಷಗಳ ಹೊಸ ಶಾಲಾ ವ್ಯವಸ್ಥೆ ಬಂದು, ಬಡವ ಬಲ್ಲಿದ ಎನ್ನದೆ ಎಲ್ಲ ಮಕ್ಕಳಿಗೂ ಇಂಗ್ಲಿಷ್ ಕಡ್ಡಾಯವಾಯಿತು. 1956ರಲ್ಲಿ ಆರಂಭವಾದ ಟಿವಿ ಇನ್ನೊಂದು ಶಾಲೆಯಾಯಿತು. ಅಲ್ಲಿ ದೊಡ್ಡವರು ನೋಡುವ ವಿದೇಶಿ ಕಾರ್ಯಕ್ರಮಗಳಿಗೆ ದನಿ ಬದಲಿಸುವುದಿಲ್ಲ, ಕೆಳಗೆ ಸ್ವೀಡಿಶ್ ಅಕ್ಷರ ಹಾಕುತ್ತಾರೆ. ಕಿವಿಯಲ್ಲಿ ಇಂಗ್ಲಿಷ್, ಕಣ್ಣಲ್ಲಿ ತಾಯಿನುಡಿ. ನುಡಿಗಟ್ಟುಗಳು ಅವರಿಗೆ ಹೀಗೆ ಸಂಜೆಯಿಂದ ಸಂಜೆಗೆ ಸನ್ನಿವೇಶದೊಡನೆ ಒಳಗಿಳಿದವು. ಇಂದು ಅವರ ನಾಲಗೆಯಲ್ಲಿ ಕಾಣುವುದು ಒಂದೆರಡು ತಲೆಮಾರು ಪಟ್ಟ ಶ್ರಮದ ಫಲ.

ಅದೇ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಇಂಗ್ಲಿಷ್–ಕನ್ನಡ ನಿಘಂಟನ್ನು ಪ್ರಕಟಿಸಿತು. ಅದಕ್ಕೆ ಬಹಳ ಮೊದಲು, 1824ರಲ್ಲಿ, ವಿಲಿಯಂ ರೀವ್ ಅಂಥದೇ ಕೆಲಸ ಮಾಡಿದ್ದ. ಇಂಗ್ಲಿಷನ್ನು ಕನ್ನಡದ ಮೂಲಕ ಅರ್ಥ ಮಾಡಿಕೊಳ್ಳುವ ದಾರಿ ನಮಗೂ ಹೊಸದಲ್ಲ.

ಮೂರು ಬಗೆಯ ಮಾತುಗಳು

ಇಂಗ್ಲಿಷ್, ಸ್ವೀಡಿಶ್, ಕನ್ನಡ ನುಡಿಗಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೂರು ಬಗೆ ಕಾಣುತ್ತವೆ.

ಮೊದಲನೆಯದು ಯಾರದ್ದೂ ಅಲ್ಲದ, ಎಲ್ಲರದ್ದೂ ಆದ ಮಾತುಗಳು. ‘ಸಿಂಹಪಾಲು’ ಈಸೋಪನ ಕಥೆಯದು. ಇಂಗ್ಲಿಷಿನಲ್ಲೂ ಇದೆ, ಸ್ವೀಡಿಶ್‌ನಲ್ಲೂ ಇದೆ, ನಮ್ಮ ಪತ್ರಿಕೆಗಳಲ್ಲೂ ಇದೆ. ‘ಮೊಸಳೆ ಕಣ್ಣೀರು’ ಸ್ವೀಡನ್ನಿನವರೂ ಸುರಿಸುತ್ತಾರೆ, ಅಲ್ಲಿನ ಯಾವ ಹೊಳೆಯಲ್ಲೂ ಮೊಸಳೆ ಇಲ್ಲ. ಹಂದಿಗಳ ಮುಂದೆ ಮುತ್ತು ಚೆಲ್ಲುವುದು, ಕುರಿಯ ವೇಷದ ತೋಳ, ಇವು ಬೈಬಲಿನವು. ಟಿಂಡೇಲನ ಇಂಗ್ಲಿಷ್ ಹೊಸ ಒಡಂಬಡಿಕೆ ಅಚ್ಚಾದದ್ದು 1526ರಲ್ಲಿ, ಸ್ವೀಡಿಶ್ ಹೊಸ ಒಡಂಬಡಿಕೆಯೂ ಅದೇ ವರ್ಷ. ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದರು. ಆದರೂ ನಮ್ಮ ಜನ ಕುರಿಯ ವೇಷದ ತೋಳಕ್ಕಿಂತ ‘ಗೋಮುಖ ವ್ಯಾಘ್ರ’ವನ್ನೇ ಹೆಚ್ಚು ಉಳಿಸಿಕೊಂಡರು.

ಎರಡನೆಯದು ಒಂದೇ ಬುದ್ಧಿಮಾತು, ಬೇರೆ ಬೇರೆ ಚಿತ್ರ. ಮೊಟ್ಟೆ ಒಡೆಯುವ ಮೊದಲೇ ಮರಿ ಎಣಿಸಬೇಡ ಎನ್ನುತ್ತದೆ ಇಂಗ್ಲಿಷ್. ಕರಡಿಯನ್ನು ಹೊಡೆಯುವ ಮೊದಲೇ ಚರ್ಮ ಮಾರಬೇಡ ಎನ್ನುತ್ತದೆ ಸ್ವೀಡಿಶ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತದೆ ಕನ್ನಡ. ಒಬ್ಬರದು ಕೋಳಿಗೂಡು, ಒಬ್ಬರದು ಕಾಡು, ನಮ್ಮದು ಬಾಣಂತಿ ಕೋಣೆ. ವಿಷಯಕ್ಕೆ ಬಾರದೆ ಸುತ್ತಿ ಬಳಸಿ ಮಾತಾಡುವವನು ಇಂಗ್ಲಿಷಿನಲ್ಲಿ ಪೊದೆಯ ಸುತ್ತ ಬಡಿಯುತ್ತಾನೆ, ಸ್ವೀಡಿಶ್‌ನಲ್ಲಿ ಬಿಸಿ ಗಂಜಿಯ ಸುತ್ತ ಬೆಕ್ಕಿನಂತೆ ಸುಳಿಯುತ್ತಾನೆ. ಜೋರು ಮಳೆ ಬಂದರೆ ಇಂಗ್ಲಿಷಿನವರಿಗೆ ನಾಯಿ ಬೆಕ್ಕು ಸುರಿಯುತ್ತವೆ. 1738ರಲ್ಲೇ ಜೊನಾಥನ್ ಸ್ವಿಫ್ಟ್ ಅದನ್ನು ಹಳಸಿದ ಮಾತುಗಳ ನಡುವೆ ಸೇರಿಸಿದ್ದಾನೆ. ಸ್ವೀಡನ್ನಿನಲ್ಲಿ ಸಣ್ಣ ಮೊಳೆಗಳು ಸುರಿಯುತ್ತವೆ. ನಮ್ಮಲ್ಲಿ ಕುಂಭದ್ರೋಣ ಮಳೆ.

ಗಲ್ಫ್‌ನಲ್ಲಿರುವ ನಮಗೆ ಎಲ್ಲಕ್ಕಿಂತ ಹತ್ತಿರವಾದದ್ದು ಕಣ್ಣಿಂದ ನೋಡದೆ ಕೊಳ್ಳುವ ಮಾತು. ಇಂಗ್ಲಿಷಿನವರೂ ಸ್ವೀಡನ್ನಿನವರೂ ಚೀಲದೊಳಗಿನ ಹಂದಿಯನ್ನು ಕೊಳ್ಳಬೇಡ ಎನ್ನುತ್ತಾರೆ. ನಾವು ನೀರಿನಲ್ಲಿರುವ ಎಮ್ಮೆಯ ವ್ಯಾಪಾರ ಬೇಡ ಎನ್ನುತ್ತೇವೆ. ಏಜೆಂಟನ ಮಾತು ನಂಬಿ, ಕೆಲಸವೇನು ಸಂಬಳವೆಷ್ಟು ಎಂದು ಕಾಗದದಲ್ಲಿ ನೋಡದೆ ವೀಸಾಕ್ಕೆ ಹಣ ಕಟ್ಟಿದ ನಮ್ಮವರಿಗೆ ಈ ಎಮ್ಮೆಯ ತೂಕ ಗೊತ್ತು. ಹಾಗೆಯೇ ಬೆವರು ಸುರಿಸದೆ ಮೇಲೆ ಬಂದವನನ್ನು ಸ್ವೀಡನ್ನಿನವರು ‘ಸೀಗಡಿ ಇಟ್ಟ ಬ್ರೆಡ್ಡಿನ ಮೇಲೆ ಜಾರಿಕೊಂಡು ಬಂದವನು’ ಎನ್ನುತ್ತಾರೆ. ‘ವಾಸ್ತಾ’ ಇದ್ದವರು ಹೇಗೆ ಬರುತ್ತಾರೆಂದು ನೋಡಿದ ನಮಗೆ ಆ ಬ್ರೆಡ್ಡು ಕಣ್ಣಿಗೆ ಕಟ್ಟುತ್ತದೆ.

ಮೂರನೆಯದು ತಕರಾರಿನ ಬಗೆ, ಇಂಗ್ಲಿಷಿನಿಂದ ಪದಕ್ಕೆ ಪದ ಇಟ್ಟು ತಂದ ಮಾತು. ‘ಹಸಿರು ನಿಶಾನೆ’, ‘ಬೆಳಕು ಚೆಲ್ಲು’, ‘ಮೈಲಿಗಲ್ಲು’ ಹೀಗೆ ಬಂದು ನಮ್ಮವಾಗಿ ಹೋದವು. ಸ್ವೀಡಿಶ್‌ನಲ್ಲೂ ಇಂಥವು ಬೇಕಾದಷ್ಟಿವೆ. ಆದರೆ ಎಲ್ಲ ಮಾತೂ ಹೀಗೆ ಹೊಂದಿಕೊಳ್ಳುವುದಿಲ್ಲ. ‘ಎಟ್ ದಿ ಎಂಡ್ ಆಫ್ ದಿ ಡೇ’ ಎಂಬುದನ್ನು ಈಗಿನವರು ‘ದಿನದ ಕೊನೆಯಲ್ಲಿ’ ಎಂದೇ ಸ್ವೀಡಿಶ್‌ನಲ್ಲಿ ಹೇಳುವುದು ಅಲ್ಲಿನ ಹಿರಿಯರ ಕಿವಿಗೆ ಕಿರಿಕಿರಿ. ‘ಕೊನೆಗೆ ನೋಡಿದರೆ’ ಎಂಬ ಅರ್ಥಕ್ಕೆ ಅವರಲ್ಲಿ ತಮ್ಮದೇ ಮಾತಿದೆ. ‘ಮೇಕ್ ಎ ಡಿಫರೆನ್ಸ್’ ಇನ್ನೂ ಸ್ವಾರಸ್ಯದ್ದು. ಅದನ್ನು ಹಾಗೇ ತಂದರೆ ಹಳೆಯ ಸ್ವೀಡಿಶ್ ಬಳಕೆಯಲ್ಲಿ ‘ಭೇದ ಮಾಡು’ ಎಂದಾಗುತ್ತದೆ. ಕನ್ನಡದಲ್ಲೂ ಅದೇ ಕಥೆ. ನಿವೃತ್ತರಾಗುವ ಮೇಷ್ಟ್ರಿಗೆ ಸನ್ಮಾನ ಮಾಡಿ ‘ತಾವು ಮಕ್ಕಳ ಬಾಳಿನಲ್ಲಿ ವ್ಯತ್ಯಾಸ ಮಾಡಿದಿರಿ’ ಎಂದರೆ ಅದು ಹೊಗಳಿಕೆಯೋ ದೂರೋ?

ಬೇರು ಮರೆತ ಮಾತು

ಆ ಹುಡುಗನಂಥವರಿಗೆ ನಾವು ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ನುಡಿಗಟ್ಟಿನ ಹುಟ್ಟು ಅದನ್ನಾಡುವವರಿಗೂ ಹೆಚ್ಚಾಗಿ ತಿಳಿದಿರುವುದಿಲ್ಲ. ಏನೋ ಸಂಶಯವಿದೆ ಎನ್ನಲು ಸ್ವೀಡನ್ನಿನವರು ‘ಜೌಗಿನಲ್ಲಿ ಗೂಬೆಗಳಿವೆ ಅನ್ನಿಸುತ್ತದೆ’ ಎನ್ನುತ್ತಾರೆ. ಇದು ಡ್ಯಾನಿಶ್‌ನಿಂದ ಬಂದ ಮಾತು. ಅಲ್ಲಿ ಮೊದಲು ಇದ್ದದ್ದು ಗೂಬೆಯಲ್ಲ, ತೋಳ. ಆಡುನುಡಿಯಲ್ಲಿ ತೋಳದ ಹೆಸರೂ ಗೂಬೆಯ ಹೆಸರೂ ಹತ್ತಿರವಾಗಿ ಕೇಳಿಸಿ ತೋಳ ಗೂಬೆಯಾಯಿತೆಂದು ನುಡಿಗಟ್ಟುಗಳ ಮೂಲ ಹುಡುಕಿದವರು ವಿವರಿಸುತ್ತಾರೆ. ತೋಳವಿದ್ದರೆ ಭಯಪಡಬಹುದು, ಗೂಬೆಯಿದ್ದರೆ ಏನು? ಆದರೂ ಮಾತು ನಡೆಯುತ್ತಿದೆ. ಸತ್ತ ಎನ್ನಲು ಇಂಗ್ಲಿಷಿನವರು ‘ಬಕೆಟ್ ಒದ್ದ’ ಎನ್ನುತ್ತಾರೆ. 1785ರ ಫ್ರಾನ್ಸಿಸ್ ಗ್ರೋಸನ ಬೀದಿಮಾತಿನ ನಿಘಂಟಿನಲ್ಲೇ ಅದು ದಾಖಲಾಗಿದೆ. ಅದು ಎಂಥ ಬಕೆಟ್ ಎಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.

ಆದ್ದರಿಂದ ಪರರ ನುಡಿಗಟ್ಟು ತಿಳಿಯದಿರುವುದು ದಡ್ಡತನವಲ್ಲ. ಅದು ಪರರ ಹಳ್ಳಿಯ ದಾರಿ ತಿಳಿಯದ ಹಾಗೆ. ದಾರಿ ಕೇಳಿಕೊಳ್ಳಬೇಕು, ಅಷ್ಟೆ.

ಸರಳವಾಗಿ ಹೇಳುವ ಕಾನೂನು

ಇಷ್ಟೆಲ್ಲ ಇಂಗ್ಲಿಷ್ ಕಲಿತ ಸ್ವೀಡನ್ ತನ್ನ ಭಾಷೆಯನ್ನು ಬಿಟ್ಟುಕೊಡಲಿಲ್ಲ. ಸ್ವೀಡಿಶ್‌ಗೆ ಅಧಿಕೃತ ಸ್ಥಾನ ಕೊಡುವ ಪ್ರಸ್ತಾಪ 2005ರಲ್ಲಿ ಸಂಸತ್ತಿನಲ್ಲಿ ಎರಡೇ ಮತಗಳ ಅಂತರದಲ್ಲಿ ಬಿದ್ದುಹೋಗಿತ್ತು. ಕೊನೆಗೆ 2009ರ ಜುಲೈ 1ರಿಂದ ಭಾಷಾ ಕಾನೂನು ಜಾರಿಗೆ ಬಂತು. ಅದರಲ್ಲಿ ಸ್ವೀಡಿಶ್ ದೇಶದ ಮುಖ್ಯ ಭಾಷೆ ಎಂದಿದೆ. ಸರ್ಕಾರಿ ಕಚೇರಿಗಳ ಭಾಷೆ ಅಚ್ಚುಕಟ್ಟಾಗಿ, ಸರಳವಾಗಿ, ಅರ್ಥವಾಗುವಂತೆ ಇರಬೇಕು ಎಂದೂ ಇದೆ. ಬೇರೆ ತಾಯಿನುಡಿಯವರಿಗೆ ತಮ್ಮ ನುಡಿಯನ್ನು ಬೆಳೆಸಿಕೊಳ್ಳುವ ಅವಕಾಶ ಸಿಗಬೇಕು ಎಂಬುದೂ ಸೇರಿದೆ. ಮನೆಮಾತಿನ ಪಾಠ ಅಲ್ಲಿನ ಶಾಲೆಗಳಲ್ಲಿ 1977ರ ಸುಧಾರಣೆಯಿಂದಲೇ ನಡೆದುಬಂದಿದೆ. ಒಂದು ಪುರಸಭೆಯ ವ್ಯಾಪ್ತಿಯಲ್ಲಿ ಒಂದೇ ನುಡಿಯ ಐದು ಮಕ್ಕಳಿದ್ದು, ತಕ್ಕ ಶಿಕ್ಷಕರು ಸಿಕ್ಕರೆ ಪಾಠ ಏರ್ಪಡಿಸಬೇಕು. ಅಲ್ಲಿರುವ ಕನ್ನಡದ ಮಕ್ಕಳಿಗೂ ಈ ನಿಯಮ ಅನ್ವಯಿಸುತ್ತದೆ.

ಆ ‘ಅರ್ಥವಾಗುವಂತೆ’ ಎಂಬ ಮಾತು ನಮ್ಮ ಕೆಲಸದ ಜಾಗಗಳಿಗೆ ಎಷ್ಟು ಬೇಕು! ಮರಗೆಲಸದ ಗೆಳೆಯರೊಬ್ಬರು ಸಂಘದ ಊಟದಲ್ಲಿ ಹೇಳಿದ ಕಥೆ ಇದು. ಬಂದ ಹೊಸತರಲ್ಲಿ ಫೋರ್‌ಮನ್ ‘ಡೋಂಟ್ ಕಟ್ ಕಾರ್ನರ್ಸ್’ ಎಂದಾಗ, ಇವರು ಪ್ಲೈವುಡ್ಡಿನ ಮೂಲೆಗಳನ್ನು ಮುಟ್ಟದೆ ಹಾಗೇ ಬಿಟ್ಟರಂತೆ. ಕೆಲಸ ಬೇಗ ಮುಗಿಸಲು ನಿಯಮ ಬಿಟ್ಟು ಅಡ್ಡದಾರಿ ಹಿಡಿಯಬೇಡ ಎಂಬುದು ಅದರ ಅರ್ಥ. ಪ್ಲೈವುಡ್ಡಾದರೆ ಹೋಗಲಿ, ಎತ್ತರದ ಸಾರುವೆಯ ಮೇಲೆ, ವಿದ್ಯುತ್ ಕೆಲಸದಲ್ಲಿ, ಔಷಧಿಯ ಅಳತೆಯಲ್ಲಿ ಇಂಥ ತಪ್ಪುತಿಳಿವಳಿಕೆಗೆ ಬೆಲೆ ಬೇರೆ. ‘ಅಂಡರ್ ದಿ ವೆದರ್’ ಎಂದರೆ ಮೈ ಸರಿಯಿಲ್ಲ ಎಂದು. ‘ಕಾಲ್ ಇಟ್ ಎ ಡೇ’ ಎಂದರೆ ಇವತ್ತಿಗೆ ಸಾಕು ಎಂದು. ‘ಕೀಪ್ ಮಿ ಇನ್ ದಿ ಲೂಪ್’ ಎಂದರೆ ಆದದ್ದನ್ನು ನನಗೂ ತಿಳಿಸುತ್ತಿರು ಎಂದು. ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೆ ಅಪರೂಪಕ್ಕೊಮ್ಮೆ ಎಂದು. ಇವನ್ನು ಕೇಳಿ ಅರ್ಥ ಮಾಡಿಕೊಳ್ಳುವಷ್ಟು ಕಲಿಯೋಣ. ನಾವು ಆಡುವಾಗ, ಅದರಲ್ಲೂ ಅಳತೆ, ಸಮಯ, ಅಪಾಯದ ವಿಷಯದಲ್ಲಿ, ನೇರವಾಗಿ ಅಂಕಿಯಲ್ಲಿ ಹೇಳೋಣ. ತಿಳಿಯದಿದ್ದರೆ ‘ಅಂದರೆ ಏನು?’ ಎಂದು ಕೇಳೋಣ. ನಮ್ಮ ವಿಭಾಗದಲ್ಲಿ ಈಗ ಫೋನಿನಲ್ಲಿ ಕೇಳಿದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳದೆ ಯಾರೂ ಫೋನ್ ಇಡುವುದಿಲ್ಲ. ಆ ಹುಡುಗ ಕೇಳಿದ ಕಿವಿಯ ಪ್ರಶ್ನೆಯೇ ಎಲ್ಲರಿಗೂ ಪಾಠವಾಯಿತು.

ಹಿಂಭಾಗ ದಡದಲ್ಲಿರಲಿ

ಸ್ವೀಡಿಶ್ ಅಕಾಡೆಮಿ ತನ್ನ ದೊಡ್ಡ ನಿಘಂಟಿನ ಕೆಲಸವನ್ನು 1883ರಲ್ಲಿ ಆರಂಭಿಸಿ 2023ರಲ್ಲಿ ಮುಗಿಸಿತು. 140 ವರ್ಷ, 39 ಸಂಪುಟ, 33,111 ಪುಟ. ನಾವು ತಲೆ ತಗ್ಗಿಸಬೇಕಾಗಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ನಮ್ಮ ಗಾದೆ, ನುಡಿಗಟ್ಟುಗಳನ್ನೂ ಪದಗಳ ಜೊತೆಯಲ್ಲೇ ಕಾಪಾಡಿತು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು ಎಂಟು ಸಂಪುಟಗಳಲ್ಲಿ ಪೂರ್ಣಗೊಂಡಿತು. ಆ ಕೆಲಸದಲ್ಲಿ ದುಡಿದ ಜಿ. ವೆಂಕಟಸುಬ್ಬಯ್ಯನವರು ‘ಇಗೋ ಕನ್ನಡ’ ಅಂಕಣದಲ್ಲಿ ಸಾಮಾನ್ಯ ಓದುಗರ ಪದಸಂಶಯಗಳಿಗೂ ತಾಳ್ಮೆಯಿಂದ ಉತ್ತರ ಕೊಟ್ಟರು. ನಿಘಂಟಿನಲ್ಲಿ ಮಾತುಗಳು ಭದ್ರವಾಗಿವೆ. ನಾಲಗೆಯ ಮೇಲೆ? ನಮ್ಮ ಮಕ್ಕಳಿಗೆ ‘ಪೀಸ್ ಆಫ್ ಕೇಕ್’ ಗೊತ್ತು, ಸುಲಿದ ಬಾಳೆಹಣ್ಣು ಗೊತ್ತಿಲ್ಲ. ‘ಆನ್ ದಿ ಫೆನ್ಸ್’ ಗೊತ್ತು, ಅಡ್ಡಗೋಡೆಯ ಮೇಲಿನ ದೀಪ ಗೊತ್ತಿಲ್ಲ. ತಪ್ಪು ಅವರದಲ್ಲ, ಮನೆಯಲ್ಲಿ ಹಾಗೆ ಮಾತಾಡುವುದನ್ನು ನಾವೇ ಬಿಟ್ಟಿದ್ದೇವೆ.

ಈ ವರ್ಷದ ರಾಜ್ಯೋತ್ಸವಕ್ಕೆ ಬರುವಾಗ ಪ್ರತಿ ಕುಟುಂಬವೂ ಅಜ್ಜಿಯಿಂದಲೋ ಅಮ್ಮನಿಂದಲೋ ಕೇಳಿದ ಐದು ನುಡಿಗಟ್ಟುಗಳನ್ನು ಬರೆದುಕೊಂಡು ಬರೋಣ. ಲೇಬರ್ ಕ್ಯಾಂಪಿನಲ್ಲಿ ಒಬ್ಬರೇ ಇರುವವರು ಊರಿಗೆ ಫೋನ್ ಮಾಡಿದಾಗ ಕೇಳಿ ಬರೆದುಕೊಳ್ಳಲಿ. ಫೋನಿನ ಆ ತುದಿಯಲ್ಲಿರುವವರಿಗೂ ಸಂತೋಷವಾದೀತು.

ನಮ್ಮ ಹುಡುಗ ಈಗ ಸಭೆಗಳಲ್ಲಿ ಧಾರಾಳವಾಗಿ ಮಾತಾಡುತ್ತಾನೆ. ಮೊನ್ನೆ ಆ ಸ್ವೀಡನ್ನಿನ ಸಿಸ್ಟರ್ ರಜೆ ಮಂಜೂರಾಗುವ ಮೊದಲೇ ವಿಮಾನದ ಟಿಕೆಟ್ ನೋಡುತ್ತಿದ್ದಾಗ, ಕುಲಾವಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ಅವರನ್ನು ನಗಿಸಿದ. ಪರಭಾಷೆ ನಮಗೆಲ್ಲ ಹೆಪ್ಪುಗಟ್ಟಿದ ಕೆರೆಯೇ. ಅನ್ನ ಅಲ್ಲಿದೆ, ಮುಂದಿನ ಕಾಲು ಇಡಲೇಬೇಕು. ಹಿಂದಿನ ಕಾಲು ನಮ್ಮ ದಡದಲ್ಲಿ ಊರಿಕೊಂಡಿದ್ದರೆ ಭಯವಿಲ್ಲ.